ಮೂರನೆಯ ತುಂಡು

ಟಾಂಕ್ಸ್ ಮುದುಕ ಬೆರಳಿಂದ ಮುಟ್ಟಲಿಲ್ಲ.
ತುಟಿಗೆ ಒತ್ತಿಕೊಂಡ,
ಕೂಸಿನ ಹಣೆಯಲ್ಲಿ ಜ್ವರ ನೋಡುವ ಹಾಗೆ.
ನಲವತ್ತಾರು ವರ್ಷ ಸುಣ್ಣದ ಗುಂಡಿ, ಕ್ರೋಮಿನ ನೀರು.
ಅವನ ಬೆರಳ ತುದಿಗಳಲ್ಲಿ ಈಗ ಯಾರೂ ವಾಸವಿಲ್ಲ.

ವಾಲ್ಸಾಲ್ ಊರು, ಕಾಲುವೆಯ ದಂಡೆ,
ಜೀನು ಹೊಲಿಯುವವರಿಗೆ ತೊಗಲು ಕೊಡುವ ಸಣ್ಣ ಟ್ಯಾನರಿ.
ಫೆಬ್ರುವರಿ. ಕಿಟಕಿ ಗಾಜಿನ ಒಳಮೈಗೂ ಹಿಮ.
ಮೇಜಿನ ಮೇಲೆ ಮೂರು ತುಂಡು,
ಒಂದೇ ಆಕಳ ಬೆನ್ನಿನವು:
ಒಂದಕ್ಕೆ ಮೀನೆಣ್ಣೆ,
ಒಂದಕ್ಕೆ ಗಂಧಕಾಮ್ಲದಲ್ಲಿ ಮಾಗಿಸಿದ ಹರಳೆಣ್ಣೆ.
ಮೂರನೆಯದು ನನ್ನದು. ಎಣ್ಣೆಯೇ ಅಲ್ಲ, ಪಾಲಿಮರ್.
ಹಾಲಿನಂಥ ದ್ರವ, ಹಾಲಿನ ವಾಸನೆಯೂ ಇಲ್ಲ.
ಹದಿನಾಲ್ಕು ತಿಂಗಳು, ಇನ್ನೂರ ಹದಿಮೂರು ಬಾಟಲಿ.

ಮೆದುವಾಗುವುದು ಅಂದರೇನು,
ಕೆಲಸಕ್ಕೆ ಸೇರಿದ ದಿನ ಇಮೋಜೆನ್ ಕೇಳಿದ್ದಳು.
ತೊಗಲು ಒಣಗುವಾಗ ಎಳೆಗಳು
ಒಂದನ್ನೊಂದು ಅವುಚಿಕೊಳ್ಳುತ್ತವೆ, ಎಂದೆ,
ಕತ್ತಲಿಗೆ ಹೆದರಿದ ಮಕ್ಕಳ ಹಾಗೆ.
ನಡುವೆ ಏನೋ ಒಂದು ಹೋಗಿ ಕೂರಬೇಕು,
ಬಿಟ್ಟುಹೋಗದ ಹಾಗೆ ಬಿಡಿಸಬೇಕು.
ಎಣ್ಣೆ ಕೂರುತ್ತದೆ, ಆದರೆ ಬಾಡಿಗೆಯವನು ಅದು;
ನಾಲ್ಕು ಮಳೆಗೆ ಗಂಟುಮೂಟೆ ಕಟ್ಟಿ
ಕಾಲುವೆಗಿಳಿದು ಬಾತುಕೋಳಿಯ ಎದೆಗೆ ಹತ್ತುತ್ತದೆ.
ಪಾಲಿಮರ್ ಮನೆಯಳಿಯ.
ಒಂದು ಕೈಲಿ ಕ್ರೋಮನ್ನು ಹಿಡಿದು ಕೂತರೆ
ಏಳುವ ಮಾತಿಲ್ಲ.

ಅಥಣಿಯ ಓಣಿಯಲ್ಲಿ ತಂಗಡಿ ತೊಗಟೆ ಕುಟ್ಟಿದ ನನ್ನ ಆಯಿ
ಇಷ್ಟೆಲ್ಲ ಮಾತು ಕೇಳಿದ್ದರೆ ನಗುತ್ತಿದ್ದಳು.
ಅವಳ ಹತ್ತಿರ ಇದ್ದದ್ದು ಎರಡೇ ಅಕ್ಷರ: ಹದ.
ಬೆಲ್ಲದ ಪಾಕಕ್ಕೂ ಅದೇ, ಬಿತ್ತುವ ನೆಲಕ್ಕೂ ಅದೇ, ತೊಗಲಿಗೂ ಅದೇ.
ನಾವು ಮುಟ್ಟಿದ ನೀರು ಒಲ್ಲದವರು
ನಾವು ಹದ ಮಾಡಿದ್ದನ್ನು ಮೆಟ್ಟಿ
ಮೆತ್ತಗೆ ನಡೆದು ಹೋದರು.
ಸಾಕು. ವರದಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಟಾಂಕ್ಸನ ಇಂಗ್ಲಿಷು ರೇಡಿಯೊದ ಇಂಗ್ಲಿಷಲ್ಲ,
ಅದಕ್ಕೇ ನನಗೆ ನಮ್ಮ ಕಡೆಯ ಮಾತಿನಲ್ಲೇ ಕೇಳಿಸಿತು:
"ಇದು ಮೀನಿನ ನಾತ.
ಇದು ಚಲೋ ಐತಿ, ಆದ್ರ ಎರಡು ಚಳಿಗಾಲಕ್ಕ ಬಿರುಸಾಗತೈತಿ.
ಇದು..."
ಮೂರನೆಯದನ್ನು ಮಡಿಸಿದ, ಬಿಟ್ಟ,
ಕಿವಿಯ ಹತ್ತಿರ ಹಿಡಿದು ಮತ್ತೆ ಮಡಿಸಿದ.
"ಇದು ಯಾವುದರ ತೊಗಲು?"
ಅದೇ ಆಕಳದ್ದು.
"ಹಂಗಾರ ನೀ ಅದರ ವಯಸ್ಸು ಕಳದಿ, ಮಗಳ."

ಮಾಪಕ ಮುಂಚೆಯೇ ಹೇಳಿತ್ತು, ಐದೂ ಮುಕ್ಕಾಲು ಮಿಲಿಮೀಟರ್.
ಅವನ ತುಟಿ ಹೇಳಿದ ಮೇಲೆ ನಂಬಿದೆ.

ಡ್ರಮ್ಮಿನಿಂದ ಬಸಿದ ನೀರನ್ನು ಗಾಜಿನಲ್ಲಿ ಎತ್ತಿ ಹಿಡಿದರೆ
ಆಚೆ ದಡದ ದೋಣಿಯ ಬಣ್ಣ ಕಾಣುತ್ತದೆ, ಕೆಂಪು.
ಖುಷಿಯಾಗಬೇಕಿತ್ತು, ಆಯಿತು.
ಆದರೆ ಅಕ್ರಿಲಿಕ್ಕಿನ ತವರುಮನೆ ನನಗೆ ಗೊತ್ತು:
ಅದೂ ಪಾತಾಳದ ಎಣ್ಣೆಯ ಮೊಮ್ಮಗಳೇ.
ತೊಳೆದು ಹೋಗದ್ದು ಕೊಳೆತಾದರೂ ಹೋಗುತ್ತದೆಯೆ?
ಜೀನು ಹರಿದು, ಕುದುರೆ ಮಣ್ಣಾಗಿ,
ಸವಾರನ ಹೆಸರೂ ಅಳಿಸಿದ ಮೇಲೆ
ಎಲ್ಲಿ ಕೂತಿರುತ್ತಾನೆ ಈ ಮನೆಯಳಿಯ?
ಅದು ಎರಡನೇ ಹಂತ, ಅನ್ನುತ್ತಾಳೆ ಇಮೋಜೆನ್.
ಜೋಳದ ಪಿಷ್ಟದಿಂದ ಶುರು ಮಾಡೋಣ, ದುಡ್ಡು ಬಂದರೆ.

ಟಾಂಕ್ಸ್ ಕೋಟು ಹಾಕಿಕೊಂಡ, ಗುಂಡಿ ನಾನು ಹಾಕಿದೆ.
ಬಾಗಿಲಲ್ಲಿ ನಿಂತು ಒಂದು ತುಂಡು ಬೇಕೆಂದ.
ಮೂರನೆಯದನ್ನು ಚಾಚಿದೆ.
ತಲೆಯಾಡಿಸಿದ. ಮೊದಲನೆಯದಂತೆ, ಮೀನೆಣ್ಣೆಯದು.
"ನನ್ನ ಹೆಂಡ್ತಿ ನಲವತ್ತು ವರ್ಷ ಬೈದ ನಾತ ಇದು."
ಜೇಬಿಗಿಳಿಸಿ, ಜೇಬು ಒತ್ತಿ ನೋಡಿಕೊಂಡು ಹೋದ.

ನಾನು ಬಾಟಲಿ ತೊಳೆದೆ.
ಹೊಸ ಚೀಟಿ ಅಂಟಿಸಿದೆ: ಇನ್ನೂರ ಹದಿನಾಲ್ಕು.